ಎಣ್ಣೆ ಕುಡಿಯುವ ಕಾರು: ಬಿಚ್ಚುವ ಮೊದಲು ಅಳೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಹತ್ತು-ಹನ್ನೆರಡು ವರ್ಷ ಓಡಿದ ಕಾರು ಇಟ್ಟುಕೊಂಡವರ ಕಿವಿಗೆ ಒಂದಲ್ಲ ಒಂದು ದಿನ ಗ್ಯಾರೇಜಿನಲ್ಲಿ ಬೀಳುವ ಮಾತೊಂದಿದೆ: 'ಗಾಡಿ ಆಯಿಲ್ ಕುಡಿಯಾಕತ್ತೈತ್ರಿ, ಎಂಜಿನ್ ಕೆಲಸಕ್ಕ ಬಂದೈತಿ.' ಈ ತೀರ್ಪು ಹೊರಬಿದ್ದ ಮೇಲೆ ಮಾಲೀಕನಿಗೆ ಎರಡೇ ದಾರಿ ಎಂಬಂತೆ ನಮ್ಮಲ್ಲಿ ನಡೆದುಕೊಂಡು ಬಂದಿದೆ. ಒಂದೋ ಅರವತ್ತು ಸಾವಿರದ ಆಸುಪಾಸು ಹಣ ಹೊಂದಿಸಿ ಎಂಜಿನ್ ಬಿಚ್ಚಿಸಬೇಕು, ಇಲ್ಲವೇ ತಿಂಗಳಿಗೊಂದು ಡಬ್ಬಿ ಎಣ್ಣೆ ಸುರಿಯುತ್ತ ಹೋಗಿ ಕೊನೆಗೆ ಸಿಕ್ಕ ಬೆಲೆಗೆ ಕಾರನ್ನು ಸಾಗಹಾಕಬೇಕು. ಎಷ್ಟು ಎಣ್ಣೆ ಹೋಗುತ್ತಿದೆ, ಯಾವ ದಾರಿಯಿಂದ ಹೋಗುತ್ತಿದೆ ಎಂದು ಅಳೆದು ನೋಡುವ ಕೆಲಸ ಮಾತ್ರ ಬಹುಪಾಲು ನಡೆಯುವುದೇ ಇಲ್ಲ. ಎಂಜಿನ್ನಿಗೆ ಕೈ ಹಚ್ಚುವ ಮುನ್ನ ಪ್ರತಿ ಗ್ಯಾರೇಜೂ ಈ ಅಳತೆ ಮಾಡಿ, ಬಂದ ಅಂಕಿಗಳನ್ನು ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡಿನ ಮೇಲೆ ಬರೆದು ಗಿರಾಕಿಯ ಕೈಗೆ ಕೊಡುವ ಪದ್ಧತಿ ನಮ್ಮ ಊರುಗಳಲ್ಲಿ ಬರಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೆಕ್ಯಾನಿಕ್ ಅಲ್ಲ. ಮೂವತ್ತೊಂದು ವರ್ಷ ಕಚೇರಿಯಲ್ಲಿ ಕೀರ್ದಿ-ಖತಾವಣಿ ಬರೆದು ನಿವೃತ್ತನಾದವನು. 2012ರಲ್ಲಿ ಕೊಂಡ 1.2 ಲೀಟರ್ ಎಂಜಿನ್ನಿನ ಸಣ್ಣ ಪೆಟ್ರೋಲ್ ಕಾರೊಂದು ನನ್ನಲ್ಲಿದೆ. ಧಾರವಾಡದ ಮನೆಯಿಂದ ಅಣ್ಣಿಗೇರಿಯ ಆಚೆಗಿರುವ ಹೊಲಕ್ಕೆ ವಾರಕ್ಕೆ ಎರಡು ಬಾರಿಯಾದರೂ ಅದರಲ್ಲಿ ಹೋಗಿ ಬರುತ್ತೇನೆ. ಕಡಲೆ ಒಕ್ಕಣೆಯ ದಿನಗಳಲ್ಲಿ ಒಂದು ಸಂಜೆ ಮರಳಿ ಬರುವಾಗ, ನಲವಡಿ ಹತ್ತಿರ, ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ ಒಮ್ಮೆ ಮಿಣುಕಿ ಆರಿತು. ತಿರುವಿನಲ್ಲಿ ಮತ್ತೆ ಹೊತ್ತಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ಎಣ್ಣೆಯ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ನೋಡಿದರೆ ಅದರ ತುದಿಗೂ ಎಣ್ಣೆ ತಾಗಿರಲಿಲ್ಲ. ಪಕ್ಕದ ಪಂಪ್‌ಸೆಟ್ ದುರಸ್ತಿ ಅಂಗಡಿಯವರು ಕೊಟ್ಟ ಎರಡು ಲೀಟರ್ ಎಣ್ಣೆಯಿಂದ ಅಂದು ಮನೆ ಸೇರಿದೆ. ಎಂಜಿನ್ ಸೀಜ್ ಆಗದೆ ಉಳಿದದ್ದು ನನ್ನ ಜಾಣತನದಿಂದಲ್ಲ.

ಆ ಕೆಂಪು ದೀಪದ ವಿಷಯದಲ್ಲಿ ನನಗಿದ್ದ ತಪ್ಪು ತಿಳಿವಳಿಕೆ ಇನ್ನೂ ಬಹಳ ಜನರಲ್ಲಿ ಇರುವುದನ್ನು ಆಮೇಲೆ ಕಂಡೆ. ಎಣ್ಣೆ ಕಡಿಮೆಯಾದಾಗ ಆ ದೀಪ ಮುಂಚಿತವಾಗಿ ತಿಳಿಸುತ್ತದೆ ಎಂದುಕೊಂಡಿದ್ದೆ. ಅದು ತೋರಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಅದು ಹೊತ್ತಿತೆಂದರೆ ಪಂಪಿಗೆ ಎಣ್ಣೆ ಸಿಗದೆ ಗಾಳಿ ಸಿಗುತ್ತಿದೆ ಎಂದೂ, ಬೇರಿಂಗುಗಳು ಆಗಲೇ ಒಣಗತೊಡಗಿವೆ ಎಂದೂ ಅರ್ಥ. ಮಟ್ಟವನ್ನೇ ಅಳೆಯುವ ಸೆನ್ಸರ್ ಕೆಲವು ದುಬಾರಿ ಕಾರುಗಳಲ್ಲಿದೆ. ನಮ್ಮಂಥವರ ಗಾಡಿಗಳಲ್ಲಿ ಆ ಕೆಲಸಕ್ಕಿರುವುದು ಡಿಪ್‌ಸ್ಟಿಕ್ ಒಂದೇ.

ಲೆಕ್ಕದವನಾದ್ದರಿಂದ ಅಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನನ್ನ ಎಂಜಿನ್ ಹಿಡಿಯುವುದು ಸುಮಾರು ಮೂರು ಲೀಟರ್ ಎಣ್ಣೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವಿನ ಅಂತರ ಹೆಚ್ಚಿನ ಕಾರುಗಳಲ್ಲಿ ಒಂದು ಲೀಟರಿನ ಆಸುಪಾಸು. ಎಣ್ಣೆ ಬದಲಿಸುವುದು 10,000 ಕಿ.ಮೀ.ಗೆ ಒಮ್ಮೆ. ಸಾವಿರ ಕಿ.ಮೀ.ಗೆ ಬರೀ 300 ಮಿ.ಲೀ. ಹೋಗುವ ಎಂಜಿನ್ ಕೂಡ, ನಡುವೆ ಯಾರೂ ನೋಡದಿದ್ದರೆ, ಮುಂದಿನ ಸರ್ವಿಸ್ ಬರುವಷ್ಟರಲ್ಲಿ ಸಂಪ್, ಅಂದರೆ ತಳದ ಎಣ್ಣೆತೊಟ್ಟಿ, ಖಾಲಿ ಮಾಡಿಬಿಡಬಲ್ಲದು. ಅನೇಕ ಕಂಪನಿಗಳ ಕೈಪಿಡಿಗಳಾದರೋ ಸಾವಿರ ಕಿ.ಮೀ.ಗೆ ಒಂದು ಲೀಟರಿನವರೆಗೆ ಎಣ್ಣೆ ಹೋಗುವುದನ್ನು ಸಹಜವೆಂದೇ ಬರೆದುಕೊಂಡಿವೆ. ವಾರಂಟಿಯ ಹೊರೆ ತಪ್ಪಿಸಿಕೊಳ್ಳಲು ಇಟ್ಟುಕೊಂಡ ಗಡಿಯದು ಎಂಬುದು ನನ್ನ ಗುಮಾನಿ. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ ಅಷ್ಟು ಕುಡಿಯುವುದಿಲ್ಲ.

ಮರುದಿನ ಹೋದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಮಾಡಿಸಿ, ಸೈಲೆನ್ಸರಿನ ಹಿಂದೆ ನಿಂತು, ಎರಡು ಬಾರಿ ಎಕ್ಸಲರೇಟರ್ ಒತ್ತಿಸಿ, 'ರಿಂಗ್ ಹೋಗ್ಯಾವ್ರಿ, ಬೋರ್ ಕೆಲಸ' ಎಂದರು. ರಿಂಗ್ ಎಂದರೆ ಪಿಸ್ಟನ್ನಿನ ಸುತ್ತ ಕೂರುವ ಲೋಹದ ಬಳೆ, ಬೋರ್ ಎಂದರೆ ಆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ. ಅಂದಾಜು 58,000 ರೂಪಾಯಿ. ಬಿಚ್ಚಿದ ಮೇಲೆ ಹೆಚ್ಚಾದರೂ ಆಗಬಹುದು. ಕಂಪ್ರೆಷನ್, ಅಂದರೆ ಸಿಲಿಂಡರ್ ಹಿಡಿಯುವ ಒತ್ತಡ, ನೋಡುವುದಿಲ್ಲವೇ ಎಂದು ಕೇಳಿದ್ದಕ್ಕೆ, ನೋಡುವ ಅಗತ್ಯವಿಲ್ಲ, ಹೊಗೆಯೇ ಹೇಳುತ್ತದೆ ಎಂಬ ಉತ್ತರ ಬಂತು. ಆ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ದೋಷ ಒಬ್ಬರದಲ್ಲ, ಆಮೇಲೆ ವಿಚಾರಿಸಿದ ಇನ್ನೆರಡು ಕಡೆಯೂ ಇದೇ ಮಾತು, ಮೊತ್ತ ಮಾತ್ರ ಬೇರೆ.

ಹೊಗೆ ಹೇಳುತ್ತದೆ ಎಂಬುದು ಸುಳ್ಳೇನಲ್ಲ, ಆದರೆ ಅದು ಯಾವಾಗ ಬರುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ನೀಲಿ ಛಾಯೆಯ ಹೊಗೆ ಎಂದರೆ ಎಣ್ಣೆ ಸುಡುತ್ತಿದೆ. ಕಪ್ಪೆಂದರೆ ಇಂಧನ ಹೆಚ್ಚಾಗಿದೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ಕೂಲಂಟ್ ಒಳಗೆ ಸೇರುತ್ತಿರಬಹುದು. ನೀಲಿ ಹೊಗೆ ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಒಂದು ದಮ್ ಬಂದು ನಿಂತುಹೋದರೆ, ಇಲ್ಲವೇ ಚನ್ನಮ್ಮ ವೃತ್ತದ ದಟ್ಟಣೆಯಲ್ಲಿ ಮೂರ್ನಾಲ್ಕು ನಿಮಿಷ ನಿಂತು ಹೊರಡುವಾಗ ಮಾತ್ರ ಕಂಡರೆ, ಮೊದಲ ಅನುಮಾನ ಹೋಗಬೇಕಾದದ್ದು ವಾಲ್ವ್ ಸೀಲುಗಳ ಕಡೆಗೆ. ಸಿಲಿಂಡರಿಗೆ ಬಾಗಿಲಿನಂತಿರುವ ವಾಲ್ವಿನ ಕಾಂಡದ ಸುತ್ತ ಉಂಗುರದಂತೆ ಕೂತು, ಹೆಡ್ಡಿನ, ಅಂದರೆ ಎಂಜಿನ್ನಿನ ಮೇಲ್ಭಾಗದ, ಎಣ್ಣೆ ಕೆಳಗಿಳಿಯದಂತೆ ತಡೆಯುವ ಈ ಸಣ್ಣ ರಬ್ಬರ್ ಸೀಲುಗಳು ವರ್ಷಗಳ ಬಿಸಿಗೆ ಗಟ್ಟಿಯಾಗುತ್ತವೆ. ಆಗ ರಾತ್ರಿಯೆಲ್ಲ ಹನಿಹನಿಯಾಗಿ ಇಳಿದ ಎಣ್ಣೆ ಬೆಳಿಗ್ಗೆ ಒಮ್ಮೆಲೇ ಸುಡುತ್ತದೆ. ಗಾಡಿ ಐಡಲಿನಲ್ಲಿ ನಿಂತಿರುವಾಗಲಂತೂ ಪೆಟ್ರೋಲ್ ಎಂಜಿನ್ನಿಗೆ ಗಾಳಿ ಒಳಬರುವ ಇನ್‌ಟೇಕ್ ಬದಿಯ ನಿರ್ವಾತ ಆ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಲ್ಲದೆ ಏರು ಹತ್ತುವಾಗ, ಭಾರ ಎಳೆಯುವಾಗ, ಎಕ್ಸಲರೇಟರ್ ಒತ್ತಿದಷ್ಟು ಹೊತ್ತೂ ಹೊಗೆ ಬರುತ್ತಿದ್ದರೆ ಮಾತು ರಿಂಗುಗಳ ಕಡೆಗೆ ತಿರುಗುತ್ತದೆ. ನನ್ನ ಗಾಡಿ ಹೊಗೆ ಬಿಡುತ್ತಿದ್ದುದು ಬೆಳಿಗ್ಗೆ ಮಾತ್ರ. ಅದನ್ನು ಮನೆಯ ಗೋಡೆಗೆ ಹತ್ತಿದ ಕರೆಯಿಂದಲೇ ತಿಳಿಯಬೇಕಿದ್ದ ನಾನು ಅಲ್ಲಿಯವರೆಗೆ ಹಿಂದೆ ತಿರುಗಿ ನೋಡಿರಲಿಲ್ಲ.

ಬಂಧುವೊಬ್ಬರ ಸಲಹೆಯಂತೆ ಕೊನೆಗೆ ಹೋದದ್ದು ಒಬ್ಬ ಹಿರಿಯ ಮಿಸ್ತ್ರಿಯವರ ಸಣ್ಣ ಶೆಡ್ಡಿಗೆ. ಅವರು ಮೊದಲ ದಿನ ಪಾನಾ ಎತ್ತಲೇ ಇಲ್ಲ. ಕೆಳಗೆ ಮಲಗಿ ಟಾರ್ಚ್ ಹಿಡಿದು ಸಂಪ್ ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್, ಟ್ಯಾಪೆಟ್ ಕವರಿನ ಅಂಚುಗಳನ್ನು ನೋಡಿ, ಹೊರಗಿನ ಸೋರಿಕೆ ಇಲ್ಲವೆಂದು ಖಚಿತ ಮಾಡಿಕೊಂಡರು. ಎಂಜಿನ್ ನಡೆಯುತ್ತಿರುವಾಗಲೇ ಎಣ್ಣೆ ತುಂಬುವ ಮುಚ್ಚಳ ತೆಗೆದು, ಬಾಯಿಯ ಮೇಲೆ ಬೋರಲಾಗಿಟ್ಟು ನೋಡಿದರು. ಸಿಲಿಂಡರಿನ ಗಾಳಿ ರಿಂಗುಗಳನ್ನು ದಾಟಿ ಕೆಳಗಿಳಿದು ಬರುವುದನ್ನು ನಮ್ಮ ಮೆಕ್ಯಾನಿಕರು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಅದು ಜೋರಾಗಿದ್ದರೆ ಮುಚ್ಚಳ ಕುಣಿದು ಕೆಳಗೆ ಬೀಳುತ್ತದೆ. ನನ್ನದು ಸ್ವಲ್ಪ ನಡುಗಿತು, ಬೀಳಲಿಲ್ಲ. ಆಮೇಲೆ ಮೇಲಿನ ಗೆರೆಯವರೆಗೆ ಎಣ್ಣೆ ತುಂಬಿ, ಮೀಟರ್ ಅಂಕಿ ಬರೆದುಕೊಟ್ಟು, 'ಸಾವಿರ ಕಿಲೋಮೀಟರ್ ಓಡಿಸ್ಕೊಂಡ್ ಬರ್ರಿ, ಆಮ್ಯಾಲ ಮಾತಾಡೂಣು' ಎಂದು ಕಳಿಸಿದರು.

ಲೆಕ್ಕ ಬರೆದಿಡುವ ಕೆಲಸ ನನಗೆ ಹೊಸದಲ್ಲ. ಅಂದಿನಿಂದ ವಾರಕ್ಕೊಮ್ಮೆ ಬೆಳಿಗ್ಗೆ ಚಾಲೂ ಮಾಡುವ ಮೊದಲು, ಮನೆ ಮುಂದಿನ ಅದೇ ಸಮತಟ್ಟಾದ ಜಾಗದಲ್ಲಿ, ಕಡ್ಡಿಯನ್ನು ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡುತ್ತಿದ್ದೆ. ಕಡಿಮೆಯಾದಷ್ಟನ್ನು ಔಷಧದ ಅಳತೆ ಲೋಟದಿಂದ ತುಂಬಿ ಹಳೆಯ ಡೈರಿಯಲ್ಲಿ ಬರೆಯುತ್ತಿದ್ದೆ. ಇಳಿಜಾರಿನಲ್ಲಿ ನಿಂತ ಗಾಡಿಯಲ್ಲೂ, ಈಗ ತಾನೆ ಆರಿಸಿದ ಎಂಜಿನ್ನಿನಲ್ಲೂ ನೋಡಿದ ಮಟ್ಟ ನಂಬಲರ್ಹವಲ್ಲ. ಸಾವಿರ ಕಿ.ಮೀ. ಮುಗಿದಾಗ ಮೊತ್ತ 720 ಮಿ.ಲೀ. ಆಯಿತು.

ಎರಡನೆಯ ಭೇಟಿಯಲ್ಲಿ ಅವರು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಗೇಜ್ ಕೂರಿಸಿ ಕಂಪ್ರೆಷನ್ ಅಳೆದರು: 170, 168, 172, 165 ಪಿಎಸ್‌ಐ (ಒತ್ತಡದ ಅಳತೆ). ನಾಲ್ಕೂ ಒಳ್ಳೆಯ ಅಂಕಿಗಳೇ, ಒಂದಕ್ಕೊಂದು ಹತ್ತಿರದವು. ಒಂದೊಂದು ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೊಮ್ಮೆ ಅಳೆದಾಗ ಅಂಕಿ ಹೆಚ್ಚೇನೂ ಏರಲಿಲ್ಲ. ಸವೆದ ರಿಂಗುಗಳಿದ್ದರೆ ಆ ಎಣ್ಣೆ ತಾತ್ಕಾಲಿಕವಾಗಿ ಸಂದು ಮುಚ್ಚಿ ಅಂಕಿಯನ್ನು ಥಟ್ಟನೆ ಏರಿಸುತ್ತಿತ್ತು. ಇಡೀ ಪರೀಕ್ಷೆಗೆ ಹಿಡಿದದ್ದು ಮುಕ್ಕಾಲು ಗಂಟೆ. ಆದರೆ ಇಲ್ಲಿಗೇ ಅವರು ಸಂಭ್ರಮಿಸಲಿಲ್ಲ ಎಂಬುದು ನನಗೆ ಹೆಚ್ಚು ಹಿಡಿಸಿತು. ಪಿಸ್ಟನ್ನಿನ ಮೇಲಿನ ಎರಡು ರಿಂಗುಗಳು ಒತ್ತಡ ಹಿಡಿಯುವಂಥವು, ಎಣ್ಣೆ ಕೆರೆದು ಕೆಳಗಿಳಿಸುವುದು ಮೂರನೆಯ ಆಯಿಲ್ ರಿಂಗಿನ ಕೆಲಸ. ಎಣ್ಣೆ ಬದಲಿಸುವುದನ್ನು ಮುಂದೂಡುತ್ತ ಹೋದ ಗಾಡಿಗಳಲ್ಲಿ ಈ ಮೂರನೆಯ ರಿಂಗು ಕಾರ್ಬನ್ ಕಟ್ಟಿ, ತಾನು ಕೂರುವ ಪಿಸ್ಟನ್ನಿನ ಸೀಳಿನಲ್ಲೇ ಅಂಟಿಕೊಂಡಿರುತ್ತದೆ. ಆಗ ಕಂಪ್ರೆಷನ್ ಚೆನ್ನಾಗಿದ್ದೂ ಎಂಜಿನ್ ಎಣ್ಣೆ ಕುಡಿಯುತ್ತದೆ. ಹಾಗಾಗಿ ಗೇಜಿನ ಅಂಕಿ ಬೋರ್ ಸವೆದಿಲ್ಲವೆಂದು ಹೇಳಿತೇ ಹೊರತು ಆಯಿಲ್ ರಿಂಗು ಸ್ವಚ್ಛವಾಗಿದೆ ಎಂದಲ್ಲ. ಈ ಅನಿಶ್ಚಿತತೆಗೆ ಅವರು ಕಂಡುಕೊಂಡ ಉಪಾಯ ಸರಳ: ಕಡಿಮೆ ಖರ್ಚಿನ ರಿಪೇರಿಯಿಂದ ಶುರು ಮಾಡಿ, ಅಳೆಯುತ್ತ ಮುಂದೆ ಹೋಗುವುದು.

ಮೊದಲು ಬದಲಿಸಿದ್ದು ಪಿಸಿವಿ ವಾಲ್ವ್. ಎಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಗಾಳಿಯನ್ನು ಮರಳಿ ಇನ್‌ಟೇಕಿಗೆ ಕಳಿಸುವ ಹೆಬ್ಬೆರಳಿನಷ್ಟು ಗಾತ್ರದ ಬಿಡಿಭಾಗವದು. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಎಣ್ಣೆ ಸಿಕ್ಕ ಸಂದುಗಳಿಂದ ಹೊರಬೀಳುತ್ತದೆ, ತೆರೆದೇ ಉಳಿದರೆ ಎಣ್ಣೆಯ ಆವಿಯನ್ನೇ ಎಂಜಿನ್ ಹೀರಿಕೊಳ್ಳುತ್ತದೆ. ನನ್ನದು ಅಲುಗಾಡಿಸಿದರೆ ಟಕಟಕ ಎನ್ನದೆ ಜಿಡ್ಡಿನಲ್ಲಿ ಅಂಟಿ ಕೂತಿತ್ತು. 350 ರೂಪಾಯಿಯ ಆ ಬದಲಾವಣೆಯಿಂದ ಮುಂದಿನ ಸಾವಿರ ಕಿ.ಮೀ.ನಲ್ಲಿ 720 ಇದ್ದದ್ದು 590ಕ್ಕೆ ಇಳಿಯಿತು. ಸಾಲದು, ಆದರೆ ಇಳಿಯಿತು.

ಆಮೇಲೆ ವಾಲ್ವ್ ಸೀಲುಗಳು. ಇದಕ್ಕೆ ಹೆಡ್ ಇಳಿಸಲೇಬೇಕು ಎಂದು ಉಳಿದವರು ಹೇಳಿದ್ದರು. ಇವರು ಪ್ಲಗ್ ಕೂರುವ ರಂಧ್ರದಿಂದ ಸಿಲಿಂಡರಿನೊಳಗೆ ಒಂದಷ್ಟು ನೈಲಾನ್ ಹಗ್ಗ ಇಳಿಬಿಟ್ಟು, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ಪಿಸ್ಟನ್ನನ್ನು ಮೇಲೆ ತಂದರು. ಹಗ್ಗದ ಸಿಂಬಿ ವಾಲ್ವುಗಳನ್ನು ಕೆಳಗಿನಿಂದ ಆತುಕೊಂಡು ಹಿಡಿದಿತು. ಹೀಗೆ ಹೆಡ್ ಇಳಿಸದೆಯೇ ಸ್ಪ್ರಿಂಗ್ ಬಿಚ್ಚಿ ಹದಿನಾರೂ ಸೀಲುಗಳನ್ನು ಎರಡು ದಿನದಲ್ಲಿ ಬದಲಿಸಿದರು. ಹಗ್ಗದ ಬದಲು ಸಿಲಿಂಡರಿಗೆ ಕಂಪ್ರೆಸರ್ ಗಾಳಿ ತುಂಬಿಯೂ ಇದನ್ನು ಮಾಡಬಹುದಂತೆ. ಹೊರಬಂದ ಹಳೆಯ ಸೀಲುಗಳು ರಬ್ಬರ್ ಎನ್ನುವಂತಿರಲಿಲ್ಲ, ಉಗುರಿನಿಂದ ಒತ್ತಿದರೆ ಒಣ ಶೇಂಗಾ ಸಿಪ್ಪೆಯಂತೆ ಮುರಿಯುತ್ತಿದ್ದವು. ಕೂಲಿ, ಸೀಲು, ಗ್ಯಾಸ್ಕೆಟ್ ಸೇರಿ ಬಿಲ್ಲು 5,800 ರೂಪಾಯಿ. ಅದಾದ ಮೇಲಿನ ಮೂರು ಸಾವಿರ ಕಿ.ಮೀ.ಗಳಲ್ಲಿ ಪ್ರತಿ ಸಾವಿರಕ್ಕೆ ನನ್ನ ಡೈರಿ ತೋರಿಸುವ ಅಂಕಿ 150ರಿಂದ 180 ಮಿ.ಲೀ. ಸೊನ್ನೆಯಾಗಿಲ್ಲ, ಹನ್ನೆರಡು ವರ್ಷ ದಾಟಿದ ಎಂಜಿನ್ನಿಗೆ ಸೊನ್ನೆ ನಾನು ನಿರೀಕ್ಷಿಸುವುದೂ ಇಲ್ಲ.

ಎಲ್ಲ ಎಂಜಿನ್ನುಗಳೂ ಇಷ್ಟು ಸುಲಭಕ್ಕೆ ಉಳಿಯುತ್ತವೆಂದು ಹೇಳಿದರೆ ಓದುಗರಿಗೆ ಮೋಸ ಮಾಡಿದಂತಾದೀತು. ನಮ್ಮ ಪಕ್ಕದ ಹೊಲದವರ ಡೀಸೆಲ್ ಗಾಡಿಯ ರಿಂಗು, ಬೋರು ನಿಜವಾಗಿಯೂ ಸವೆದಿದ್ದವು, ಅದಕ್ಕೆ ಕಾರಣ ನಮ್ಮ ನೆಲವೇ. ನವಲಗುಂದ, ಅಣ್ಣಿಗೇರಿ, ಗದಗ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಗಾಲಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳಾಗಿ ಎಲ್ಲೆಡೆ ನುಗ್ಗುತ್ತದೆ. ಕೈಪಿಡಿಗಳು ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗಳ ಏರ್ ಫಿಲ್ಟರನ್ನು ಬೇಗ ಬದಲಿಸಲು ಹೇಳುತ್ತವೆ. ನಮ್ಮಲ್ಲಿ ಅದನ್ನು ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿ, ಕೆಲವೊಮ್ಮೆ ನೀರಲ್ಲಿ ತೊಳೆದು ಒಣಗಿಸಿ ಮತ್ತೆ ಕೂರಿಸುತ್ತಾರೆ. ಕಾಗದದ ಫಿಲ್ಟರ್ ಜೋರು ಗಾಳಿಗೆ ಕಣ್ಣಿಗೆ ಕಾಣದಂತೆ ಹರಿಯುತ್ತದೆ, ನೀರು ತಾಗಿದರೆ ಅದರ ಎಳೆಗಳೇ ಸಡಿಲವಾಗುತ್ತವೆ. ಆ ಸಂದುಗಳಿಂದ ಒಳನುಗ್ಗಿದ ಮಣ್ಣಿನ ಕಣ ಎಣ್ಣೆಯಲ್ಲಿ ಬೆರೆತು, ರಿಂಗಿಗೂ ಬೋರಿಗೂ ನಡುವೆ ಸಾಣೆಯ ಪುಡಿಯಂತೆ ಉಜ್ಜುತ್ತದೆ. ಕೆಲವು ನೂರು ರೂಪಾಯಿಯ ಫಿಲ್ಟರ್ ಉಳಿಸಿ ಪಕ್ಕದ ಹೊಲದವರು ತೆತ್ತದ್ದು ಇಡೀ ಎಂಜಿನ್ನಿನ ಬೆಲೆ.

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಕೂಡ ಅವರ ಗಾಡಿಯಲ್ಲಿ ಕೈಕೊಟ್ಟಿತ್ತು. ಟರ್ಬೋಚಾರ್ಜರಿನ ಸೀಲ್ ಹೋದರೆ ಎಣ್ಣೆ ನೇರವಾಗಿ ಗಾಳಿಯ ಕೊಳವೆಗೆ ಸೇರುತ್ತದೆ, ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಉರಿಸಿಕೊಂಡು ಚಾವಿ ತೆಗೆದರೂ ನಿಲ್ಲದೆ ಅಬ್ಬರಿಸತೊಡಗಬಹುದು. ಮ್ಯಾನುಯಲ್ ಗೇರಿನ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಕಟ್ಟಿಸಿ ನಿಲ್ಲಿಸಬೇಕು. ಡೀಸೆಲ್ ಗಾಡಿಯವರು ಇಷ್ಟನ್ನಾದರೂ ತಿಳಿದಿರಲಿ.

ದಪ್ಪ ಎಣ್ಣೆ ಹಾಕಿದರೆ ಕುಡಿಯುವುದು ನಿಲ್ಲುತ್ತದೆ ಎಂಬ ಸಲಹೆ ಎಲ್ಲೆಡೆ ಪುಕ್ಕಟೆ ಸಿಗುತ್ತದೆ. ಕೈಪಿಡಿಯಲ್ಲಿ ಒಂದಕ್ಕಿಂತ ಹೆಚ್ಚು ಗ್ರೇಡುಗಳಿಗೆ ಅನುಮತಿಯಿದ್ದು, ಅದರೊಳಗೆ ದಪ್ಪನೆಯದನ್ನು ಆರಿಸಿಕೊಂಡರೆ ಆಕ್ಷೇಪವಿಲ್ಲ. 0ಡಬ್ಲ್ಯು-20 ಅಥವಾ 5ಡಬ್ಲ್ಯು-30ರಂಥ ತೆಳು ಎಣ್ಣೆ ಬೇಡುವ ಎಂಜಿನ್ನಿಗೆ ದಪ್ಪನೆಯ 20ಡಬ್ಲ್ಯು-50 ಸುರಿದರೆ ಮಾತ್ರ, ಎಣ್ಣೆಯ ಒತ್ತಡದಿಂದಲೇ ನಡೆಯುವ ವಾಲ್ವ್ ಟೈಮಿಂಗ್ ವ್ಯವಸ್ಥೆಯ ಸಣ್ಣ ನಾಳಗಳಿಗೆ ಅದು ಸರಿಯಾಗಿ ಹರಿಯುವುದಿಲ್ಲ, ಮೈಲೇಜೂ ಬೀಳುತ್ತದೆ. ಹೊಗೆ ನಿಲ್ಲಿಸುವುದಾಗಿ ಹೇಳಿ ಮಾರುವ ಡಬ್ಬಿಗಳಲ್ಲಿ ಬಹುಪಾಲು ಇರುವುದೂ ಎಣ್ಣೆಯನ್ನು ದಪ್ಪಗೊಳಿಸುವ ಪದಾರ್ಥವೇ. ಇವೆರಡೂ ಹೆಚ್ಚು ಉಪಯೋಗಕ್ಕೆ ಬರುವುದು ಹಳೆಯ ಕಾರು ಮಾರುವವರಿಗೆ. ಕೊಳ್ಳುವವರು ಬೆಳಿಗ್ಗೆಯೇ ಹೋಗಿ, ಮೊದಲು ಬಾನೆಟ್ ಮೇಲೆ ಅಂಗೈಯಿಟ್ಟು ತಣ್ಣಗಿದೆಯೇ ನೋಡಿ, ತಮ್ಮೆದುರೇ ಚಾಲೂ ಮಾಡಿಸಲಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಲಿ.

ಎಣ್ಣೆ ತುಂಬಿಸಿಕೊಂಡು ಓಡಿಸಿದರಾಯಿತು ಎನ್ನುವವರಿಗೂ ಒಂದು ಮಾತು. ಸುಟ್ಟ ಎಣ್ಣೆಯಲ್ಲಿನ ರಂಜಕ ಪೆಟ್ರೋಲ್ ಗಾಡಿಯ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಧಾನವಾಗಿ ಕೊಲ್ಲುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ಕೂತ ಮಸಿ ಬಿಸಿಗೆ ಉರಿದುಹೋಗುತ್ತದೆ, ಎಣ್ಣೆ ಬಿಟ್ಟುಹೋದ ಬೂದಿ ಉರಿಯುವುದಿಲ್ಲ. ಇವುಗಳನ್ನು ಬದಲಿಸುವ ವೆಚ್ಚ ಸೀಲುಗಳ ವೆಚ್ಚಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೊಗೆ ತಪಾಸಣೆಯ ಪ್ರಮಾಣಪತ್ರವಿದೆಯಲ್ಲ ಎಂದು ಸಮಾಧಾನಪಡುವಂತೆಯೂ ಇಲ್ಲ, ಏಕೆಂದರೆ ಪೆಟ್ರೋಲ್ ಕಾರುಗಳಲ್ಲಿ ಅಲ್ಲಿ ಅಳೆಯುವುದು ಬಿಸಿಯಾದ ಎಂಜಿನ್ನಿನ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು. 720 ಮಿ.ಲೀ. ಕುಡಿಯುತ್ತಿದ್ದ ನನ್ನ ಗಾಡಿ, ಬೆಳಗಿನ ನೀಲಿ ಹೊಗೆಯನ್ನು ಮನೆಯಲ್ಲೇ ಬಿಟ್ಟುಬಂದು, ಆ ಪರೀಕ್ಷೆಯಲ್ಲಿ ನಿರಾತಂಕವಾಗಿ ಪಾಸಾಗಿತ್ತು.

ಕಂಪ್ರೆಷನ್ ಗೇಜ್ ದೊಡ್ಡ ಬಂಡವಾಳದ ಯಂತ್ರವೇನಲ್ಲ, ಸಣ್ಣ ಗ್ಯಾರೇಜಿನವರೂ ಕೊಳ್ಳಬಹುದಾದಂಥದು. ಮುಕ್ಕಾಲು ಗಂಟೆಯ ಆ ಕೆಲಸಕ್ಕೆ ಅವರು ತಕ್ಕ ಶುಲ್ಕ ಪಡೆಯಲಿ. ಕೊಡಲು ನನ್ನಂಥವರು ಹಿಂದೆ ಸರಿಯುವುದಿಲ್ಲ. ಗೋಕುಲ ರಸ್ತೆಯಿಂದ ರಾಯಾಪುರದವರೆಗೆ ಸಾಲಾಗಿರುವ ಗ್ಯಾರೇಜುಗಳ ಮಾಲೀಕರು ತಮ್ಮತಮ್ಮಲ್ಲಿ ಮಾತನಾಡಿಕೊಂಡು, ಸಾವಿರ ಕಿ.ಮೀ.ಗೆ ಹೋದ ಎಣ್ಣೆ, ನಾಲ್ಕು ಸಿಲಿಂಡರಿನ ಒಣ ಹಾಗೂ ಎಣ್ಣೆ ಬಿಟ್ಟ ಕಂಪ್ರೆಷನ್ ಅಂಕಿಗಳು, ಹೊರಗಿನ ಸೋರಿಕೆ ಇದೆಯೋ ಇಲ್ಲವೋ, ಇಷ್ಟು ಬರೆಯಲು ಜಾಬ್ ಕಾರ್ಡಿನಲ್ಲಿ ನಾಲ್ಕು ಸಾಲು ಮೀಸಲಿಟ್ಟರೆ ಸಾಕು. ಅಂಕಿ ಕೈಯಲ್ಲಿದ್ದರೆ ಗಿರಾಕಿ ಇನ್ನೊಬ್ಬರನ್ನು ಕೇಳಬಹುದು. ಬೋರ್ ಕೆಲಸ ನಿಜವಾಗಿ ಬೇಕಿದ್ದಲ್ಲಿ ಗ್ಯಾರೇಜಿನವರ ಮಾತಿಗೂ ಅದೇ ಬೆಂಬಲ.

ಜಿಲ್ಲೆಯ ಸರ್ಕಾರಿ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವೃತ್ತಿ ಕಲಿಯುವ ಹುಡುಗರಿಗೆ ಅಭ್ಯಾಸಕ್ಕೆ ಸಿಗುವುದು ಹೆಚ್ಚಾಗಿ ಸ್ಟ್ಯಾಂಡಿನ ಮೇಲೆ ಕೂರಿಸಿದ ಹಳೆಯ ಎಂಜಿನ್ನುಗಳು. ತಿಂಗಳಿಗೊಂದು ಶನಿವಾರ ಸಾರ್ವಜನಿಕರ ಕಾರುಗಳ ಕಂಪ್ರೆಷನ್ ಅಳೆದು ಚೀಟಿ ಬರೆದುಕೊಡುವ ವ್ಯವಸ್ಥೆಯನ್ನು, ಬೋಧಕರ ಮೇಲ್ವಿಚಾರಣೆಯಲ್ಲಿ, ಅಲ್ಲಿನ ಪ್ರಾಚಾರ್ಯರು ಏರ್ಪಡಿಸಬಾರದೇಕೆ? ಹುಡುಗರಿಗೆ ನಡೆಯುವ ಎಂಜಿನ್ನಿನ ಅನುಭವ ಸಿಗುತ್ತದೆ, ನಮಗೆ ಯಾವ ರಿಪೇರಿಯ ಆಸೆಯೂ ಇಲ್ಲದವರು ಬರೆದ ಅಂಕಿ ಸಿಗುತ್ತದೆ. ಅಂಥ ಶನಿವಾರ ಗೊತ್ತಾದರೆ ಮೊದಲ ಗಾಡಿಯಾಗಿ ನನ್ನದನ್ನು ತರುತ್ತೇನೆ, ಎರಡು ವರ್ಷದ ಡೈರಿಯ ಸಮೇತ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಿಗ
ಧಾರವಾಡ